ಮೊಣಕಾಲಿನ ಕೆಳಗೆ ಒಂದು ಗೇಣು

ಇಳಕಲ್, 6 ಫೆಬ್ರುವರಿ 1979

ಚಹಾ ಆರಿಹೋಯಿತು, ಪೇಶಂಟ್ ಸಾಲು ಕರಗಲಿಲ್ಲ. ನೇಕಾರರ ಸೊಸೆ ಸಕ್ರವ್ವ ನಾಲ್ಕನೇ ಸಲ ಬಂದಳು. ಹತ್ತೊಂಬತ್ತು ವರ್ಷ, ಬಲಗಾಲು ನೋವು. ಮಾತೆಲ್ಲ ಅತ್ತೆ ಶಿವಲಿಂಗವ್ವನದು; ಲೇಡಿ ಡಾಕ್ಟರ್ ನಾನು ಇಲ್ಲಿ ಎಲ್ಲರಿಗೂ 'ಬಾಯಾರು'.

"ಕತ್ತಲಾತಂದ್ರ ನರಳ್ತಾಳ್ರಿ ಬಾಯಾರ. ಹಗಲಿ ಮಗ್ಗಕ್ಕ ಕುಂಡ್ರು ಅಂದ್ರ ನಿದ್ದಿ."

"ರಾತ್ರಿ ಬರದ ನಿದ್ದಿ ಹಗಲಿ ಬರ್ತದ್ರಿ," ಅಂದಳು ಸಕ್ರವ್ವ.

ನವೆಂಬರಿನ ಮೊಣಕಾಲು ಎಕ್ಸ್‌ರೇ ನಾರ್ಮಲ್. ಕಾರ್ಡಿನಲ್ಲಿ ನನ್ನದೇ ಅಕ್ಷರ — "ನರ್ವಸ್", ಅಂದರೆ ಎಲುಬಿನದಲ್ಲ, ಮನಸ್ಸಿನದು; ಅತ್ತೆಗೆ 'ನರದ್ದು' ಅಂದಿದ್ದೆ. ಬಿ-ಕಾಂಪ್ಲೆಕ್ಸ್ ಚುಚ್ಚಿ ಕಳಿಸಿದೆ.

8 ಫೆಬ್ರುವರಿ

ಅತ್ತೆ-ಸೊಸೆ ಎಂದ ಕೂಡಲೇ ಮನೆಜಗಳದ ನೋವೆಂದು ತೀರ್ಮಾನಿಸಿಬಿಟ್ಟೆನೇ?

20 ಫೆಬ್ರುವರಿ, ಮಧ್ಯಾಹ್ನ

ಸಕ್ರವ್ವ ಒಬ್ಬಳೇ ಬಂದಳು. ಕಾಲಿನ ಮೇಲೆ ಹೊಸ ಬರೆ, ಕಾಯಿಸಿದ ಕಬ್ಬಿಣದ್ದು. ಓಣಿಯಲ್ಲಿ ನೋವಿಗೆ ಬರೆ ಹಾಕುವ ಹನಮವ್ವನ ಕೆಲಸ. ರೇಗಿದೆ.

"ಆಕಿ ಒತ್ತಿ ನೋಡಿ, ನೋವಿದ್ದಲ್ಲೇ ಹಾಕಿದಳ್ರಿ."

ಮೊಣಕಾಲಿನಿಂದ ಒಂದು ಗೇಣು ಕೆಳಗೆ. ಬರೆಯ ಪಕ್ಕ ಒತ್ತಿದೆ — ಕಾಲೆಳೆದುಕೊಂಡಳು. ಮೊಣಕಾಲು ಅಂದವಳು ಅತ್ತೆ. ನಾನು ಸೊಸೆಯನ್ನು ಕೇಳಿರಲೇ ಇಲ್ಲ.

"ಯಾತರಿಂದ ಕಡಿಮಿ ಆಗ್ತದ?"

"ಅಂಗಡ್ಯಾಗಿನ ಆಸ್ಪಿರಿನ್ ಗುಳಿಗಿ ನುಂಗಿದ್ರ ಅರ್ಧ ತಾಸಿನ್ಯಾಗ ಗಪ್ಪ ಆಗ್ತದ್ರಿ."

ರಾತ್ರಿ ನೋವು, ಆಸ್ಪಿರಿನ್‌ಗೆ ಶಮನ. ಕಾಲೇಜಿನಲ್ಲಿ ಓದಿದ ಒಂದೇ ಪುಟ ನೆನಪಾಯಿತು; ಆ ಜಾಗದ ಎಕ್ಸ್‌ರೇಗೆ ಬರೆದುಕೊಟ್ಟೆ.

26 ಫೆಬ್ರುವರಿ

ಬಾಗಲಕೋಟೆಯಿಂದ ಹೊಸ ಫಿಲ್ಮ್. ದಪ್ಪಗಾದ ಎಲುಬು, ನಡುವೆ ಸಜ್ಜೆ ಕಾಳಿನಷ್ಟು ಕಪ್ಪು ಚುಕ್ಕೆ. ನವೆಂಬರಿನ ಫಿಲ್ಮ್ ಆ ಚುಕ್ಕೆಗಿಂತ ಎರಡು ಬೆರಳು ಮೇಲೆಯೇ ಮುಗಿದಿತ್ತು. ಅಲ್ಲಿನ ಸರ್ಜನ್‌ಗೆ ಟ್ರಂಕ್ ಕಾಲ್ — ಆಸ್ಟಿಯಾಯ್ಡ್ ಆಸ್ಟಿಯೋಮಾ, ಎಲುಬಿನ ಪುಟ್ಟ ಗಡ್ಡೆ ಇರಬೇಕು, ಕ್ಯಾನ್ಸರ್ ಅಲ್ಲ ಅಂದರು. ಆ ಕಾಳು ಪೂರ್ತಿ ತೆಗೆಯಬೇಕು, ಚೂರು ಉಳಿದರೂ ನೋವು ಮರಳುತ್ತದೆ.

ಶಿವಲಿಂಗವ್ವ ಒಪ್ಪಲಿಲ್ಲ. "ಗಡ್ಡಿ ಅಂದ್ರ ಕಾಲ ತಗೀತಾರ. ಅದಕಿಂತ ತವರಿಗೆ ಕಳಸ್ತೇನಿ. ನರದ್ದು ಅಂತ ನೀವ ಅಂದಿದ್ರಿ. ನಾ ಓಣಿಗೆಲ್ಲ ಹೇಳೇನಿ, ಸೋಗು ಅಂತ ಡಾಕ್ಟರೇ ಹೇಳ್ಯಾರ ಅಂತ."

ನನ್ನ ಒಂದು ಪದ, ಇವಳ ಕೈಯಲ್ಲಿ ಬಾರುಕೋಲು.

"ಕಾಲು ಉಳೀತದ. ಸಂಗಡ ನಾ ಬರ್ತೇನಿ," ಅಂದೆ. ಒಪ್ಪಿದಳು. ಆ ಪದದ ಬಗ್ಗೆ ಬಾಯಿ ಬಿಡಲಿಲ್ಲ ನಾನು.

19 ಮಾರ್ಚ್

ಬರೆ ಮಾಯುವವರೆಗೆ ಕಾದು, ಮೊನ್ನೆ ಆಪರೇಷನ್. ಕಾಳು ಇಡಿಯಾಗಿ ಬಂತು.

"ಗಾಯ ಉರಿತದ್ರಿ. ಆ ನೋವು ಇಲ್ಲ." ಹೇಳುತ್ತಲೇ ನಿದ್ದೆಹೋದಳು ಸಕ್ರವ್ವ.

11 ಏಪ್ರಿಲ್, ಹನ್ನೊಂದು ಗಂಟೆ

ಸಕ್ರವ್ವ ಕೋಲೂರಿಕೊಂಡು ಬಂದಿದ್ದಾಳೆ, ಹೊರಗೆ ಬೆಂಚಿನ ಮೇಲೆ. ಅತ್ತೆಯ ದನಿ ಇಲ್ಲಿಗೇ ಕೇಳುತ್ತದೆ: "ಗುಣ ಮಾಡಿದ್ದು ಹನಮವ್ವನ ಬರಿ. ಈಕಿದು ಅರ್ಧ ಸೋಗೇ, ಬಾಯಾರನ್ನ ಕೇಳ್ರಿ ಬೇಕಾದ್ರ."

ಕಾರ್ಡ್ ಮುಂದಿದೆ. "ನರ್ವಸ್" ಮೇಲೆ ಗೆರೆ ಎಳೆದೆ. ಅದು ಕಾರ್ಡಿನೊಡನೆ ಡ್ರಾಯರ್ ಸೇರುವ ತಪ್ಪೊಪ್ಪಿಗೆ, ಸಾಲದು. ಬೆಂಚಿನವರೆಲ್ಲ ಕೇಳಬೇಕು. ಬಾಗಿಲು ಪೂರ್ತಿ ತೆಗೆಸಿದ್ದೇನೆ. ಶಿವಲಿಂಗವ್ವನನ್ನು ಕರೆದೆ. ಏಳುತ್ತಿದ್ದಾಳೆ. ಮೊದಲ ಮಾತು — ಸಕ್ರವ್ವ ಖರೆ ಹೇಳಿದ್ದಳು, ನಾನೇ ತಪ್ಪು ಬರೆದಿದ್ದೆ.