ಬಿಷಪರ ಕೂದಲು

ನವೆಂಬರ್, ಸಂತ ಮಾರ್ಟಿನರ ಹಬ್ಬದ ಮರುದಿನ, ಬೆಳಿಗ್ಗೆ

ಮತ್ತೆ ಹಾಸಿಗೆಯ ಹುಲ್ಲು ಮಾಯ. ಬಿಷಪ್ ಇಂಗೋಬರ್ಟರು ಕಾಯಿಲೆ ಬಿದ್ದಿದ್ದಾರೆ, ನಿಜ. ಆದರೆ ಇನ್ನೂ ಉಸಿರಾಡುತ್ತಿದ್ದಾರಲ್ಲ! ಊರವರು ಆಗಲೇ ಸಂತರನ್ನಾಗಿ ಮಾಡಿ ಅವರ ಕೆಳಗಿನ ಹುಲ್ಲು ಎಳೆದುಕೊಂಡು ಹೋಗುತ್ತಿದ್ದಾರೆ. ತಾಯತ ಕಟ್ಟಲಂತೆ. ಈ ಚಳಿಯಲ್ಲಿ ಮುದುಕರ ಬೆನ್ನು ಬರೀ ಹಲಗೆಗೆ. ನಾನೇ ಬಾಗಿಲಿಗೆ ಚಿಲಕ ಹಾಕಿದೆ. ಬಿಷಪರು ತೆಗೆಸಿದರು.

"ನನ್ನ ಬಾಗಿಲಿಗೆ ಚಿಲಕ ಯಾಕೋ, ಉರ್ಸಿಯೋ? ಸೇವೆ ಮಾಡು ಅಂದ್ರೆ ಕಾವಲು ಕಾಯ್ತೀಯಲ್ಲ!"

ಶುಕ್ರವಾರ

ಕೂದಲು ಕತ್ತರಿಸು ಎಂದರು. ಕತ್ತರಿಸಿದೆ. ಎಲ್ಲ ಒಲೆಗೆ ಹಾಕಿಸಿದರು.

"ಒಂದೂ ಉಳಿಸಬೇಡ. ನಾನು ಹೋದಮೇಲೆ ಇವರು ಕೂದಲಿಗೆ ಹೊಡೆದಾಡ್ತಾರೆ. ಬಾಗಿಲಲ್ಲಿ ಹಸಿದು ನಿಂತವನನ್ನ ಯಾರೂ ನೋಡಲ್ಲ. ಮಾತು ಕೊಡು."

ಕೊಟ್ಟೆ. ಬಿಷಪರು ಕೇಳಿದ್ದನ್ನು ಹೇಗೆ ಇಲ್ಲ ಅನ್ನಲಿ? ಲೋಯರ್ ನದಿಯ ದಡದ ಸಂತೆಯಲ್ಲಿ ನನ್ನ ಕಾಲಿಗೆ ಸರಪಳಿ ಹಾಕಿ ಮಾರಾಟಕ್ಕೆ ನಿಲ್ಲಿಸಿದ್ದಾಗ, ಪೂಜೆಯ ಬೆಳ್ಳಿ ಪಾತ್ರೆ ಕೊಟ್ಟು ಬಿಡಿಸಿದವರು. ಅವತ್ತಿನಿಂದ ಮರದ ಪಾತ್ರೆಯಲ್ಲೇ ಪೂಜೆ. ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಉಸಿರಿರುವವರೆಗೂ ಋಣಿ ನಾನು.

ಭಾನುವಾರ

ಅಂಬಿಗನ ಹೆಂಡತಿ ಬರ್ಟ್ರಾದಾ, ಸೊಂಟದಲ್ಲಿ ಜ್ವರದ ಮಗು.

"ಸ್ವಾಮಿಗಳದ್ದು ಒಂದೇ ಒಂದು ಕೂದಲು ಕೊಡಣ್ಣ. ಮಗು ಕೊರಳಿಗೆ ಕಟ್ತೀನಿ."

ಆಗಲ್ಲ ಕಣಮ್ಮ ಅಂದೆ. ಅತ್ತಳು. ಒಳಗಿಂದ ಕೂಗಿದರು: "ಕೂದಲು ಹೊಟ್ಟೆ ತುಂಬಿಸಲ್ಲ ಕಣವ್ವಾ! ಉರ್ಸಿಯೋ, ನನ್ನ ಗಂಜಿ ಆ ಮಗೂಗೆ ಕೊಡು."

ಕೊಟ್ಟೆ, ಗೊಣಗುತ್ತಲೇ. ತಾವು ಉಪವಾಸ ಮಲಗಿದರು.

ಬುಧವಾರ

ಮಗುವಿಗೆ ಜ್ವರ ಬಿಟ್ಟಿದೆ. ದೇವರು ದೊಡ್ಡವನು! ಆದರೆ ಈಗ ಗಂಜಿಯ ಬಟ್ಟಲೇ ಕಾಣೆ — ಅದೂ ಪವಾಡದ ಬಟ್ಟಲಂತೆ. ಹೇಳಿದರೆ ನಕ್ಕು ನಕ್ಕು ಕೆಮ್ಮಿದರು.

"ಇನ್ಮೇಲೆ ನಿನ್ನ ಟೊಪ್ಪಿಗೇಲೇ ಗಂಜಿ ಹಾಕ್ಕೊಡು."

ಡಿಸೆಂಬರ್, ಮೊದಲ ಭಾನುವಾರ

ಗುರುವಾರ ಹೋದರು. ಬರೆಯಲು ಕೈ ಬರಲಿಲ್ಲ.

ನಾನೇ ಮೈ ತೊಳೆದೆ. ತಲೆಯಲ್ಲಿ ಮತ್ತೆ ಚಿಗುರಿದ್ದ ಕೂದಲನ್ನು ತೆಗೆದು ಸುಟ್ಟೆ. ಹೊರಗೆ ಜನ ಬೈದರು: "ನಮಗೆ ಏನೂ ಉಳಿಸಲಿಲ್ವಲ್ಲೋ ಪಾಪಿ!" ಬೈಯಲಿ. ಬರ್ಟ್ರಾದಾ ಮಾತ್ರ ಒಂದು ಹಂಡೆ ಗಂಜಿ ಹೊತ್ತು ತಂದಳು. ಬಾಗಿಲಲ್ಲಿ ನಿಂತಿದ್ದ ಬಡವರಿಗೆಲ್ಲ ಬಡಿಸಿದಳು. ಕಾಣೆಯಾಗಿದ್ದ ಬಟ್ಟಲಲ್ಲೇ! ಅವರು ನೋಡಬೇಕಿತ್ತು. ಎಂಥವರ ಜೊತೆ ಬದುಕಿದೆ ನಾನು...

ಈಗ ಕಂಡಿತು. ನನ್ನ ಅಂಗಿಯ ತೋಳಿನ ಮಡಿಕೆಯಲ್ಲಿ ಅವರದೊಂದು ಬಿಳಿ ಕೂದಲು.

ಮಾತು ಕೊಟ್ಟಿದ್ದೇನೆ. ಒಲೆಯಲ್ಲಿ ಕೆಂಡವೂ ಇದೆ. ಏಳುತ್ತೇನೆ, ಇದೊಂದು ಸಾಲು ಮುಗಿಯಲಿ. ಇದೊಂದು ಸಾಲು —