ಬಿದಿರಿನ ಬಳೆ ತೋರಿದ ದಿಕ್ಕು

ಹೊಸಪೇಟೆ
ಜೂನ್ ೧೯೩೯

ಅಪ್ಪನಿಗೆ ಮಗಳು ಹೊಳೆಮ್ಮ ಕಾಲಿಗೆರಗಿ ಬರೆಯುವುದು. ನಾವಿಬ್ಬರೂ ಚೆನ್ನಾಗಿದ್ದೇವೆ.

ಕಂಪ್ಲಿಯಿಂದ ಇನ್ನೆರಡು ಹಸಿ ಬಿದಿರು ಕಳಿಸು. ರೇಡಿಯೋ ರಿಪೇರಿ ಮಾಡುವ ನಿನ್ನ ಅಳಿಯ, ಮದ್ರಾಸಿನ ಸಾಹೇಬರೊಬ್ಬರ ಸಣ್ಣ ವಿಮಾನಕ್ಕೆ ದಿಕ್ಕು ತೋರಿಸುವ ಏರಿಯಲ್ ಕಟ್ಟುತ್ತಿದ್ದಾರೆ. ಇವರು ಬಗ್ಗಿಸಿದ ಬಿದಿರೆಲ್ಲ ಮುರಿಯಿತು. ಕೊನೆಗೆ ನೀನು ಹರಗೋಲಿಗೆ ಬಗ್ಗಿಸುವಂತೆ ನಾನೇ ಬಗ್ಗಿಸಿ ದೊಡ್ಡ ಬಳೆ ಮಾಡಿಕೊಟ್ಟೆ. ಇವರು ಅದಕ್ಕೆ ತಾಮ್ರದ ತಂತಿ ಸುತ್ತಿದರು. ಬಳೆಯ ಮುಖ ರೇಡಿಯೋ ಸ್ಟೇಷನ್ ಇರುವ ಊರಿನತ್ತ ತಿರುಗಿದರೆ ಕಿವಿಯಲ್ಲಿ ಹಾಡು ಅಡಗುತ್ತದೆ.

ಮೊನ್ನೆ ಸಂಜೆ ಅದನ್ನು ಹಾರಿಸಿ ನೋಡಬೇಕಿತ್ತು. ವಿಮಾನದ ಹತ್ತಿರ ಹೋದೊಡನೆ ಇವರು, "ನನಗ ತಲಿ ತಿರುಗ್ತೈತಿ, ನೀನಾ ಹೋಗಿ ಬಾ" ಎಂದರು. ಹೋದೆ. ಅವ್ವನಿಗೆ ಈಗಲೇ ಹೇಳಬೇಡ.

ಸಂಡೂರು ಗುಡ್ಡದ ಮೇಲೆ ಮೋಡ ಮುಚ್ಚಿ ಸಾಹೇಬರಿಗೆ ದಿಕ್ಕೇ ತಿಳಿಯದಾಯಿತು. ನಾನು ಹೈದರಾಬಾದ್ ಸ್ಟೇಷನ್ನಿನ ಹಾಡು ಅಡಗುವವರೆಗೂ ಬಳೆ ತಿರುಗಿಸಿ, "ಈ ಕಡೆ ನಡೀರಿ, ನಮ್ಮ ಹೊಳಿ ಸಿಗ್ತೈತಿ" ಎಂದು ಬೆರಳು ತೋರಿಸಿದೆ. ಸ್ವಲ್ಪ ಹೊತ್ತಿಗೆ ಮೋಡ ಹರಿದು ಕೆಳಗೆ ಹೊಳೆ ಕಂಡಿತು. ಆಮೇಲೆ ಕಂಪ್ಲಿ, ನಮ್ಮ ಅಂಗಳ, ಡಾಂಬರು ಬಳಿದು ಬೋರಲು ಹಾಕಿದ ನಿನ್ನ ಹರಗೋಲುಗಳು.

ನೀನು ತಲೆಯೆತ್ತಿ ನೋಡಿದೆ. ಮೇಲಿಂದ ಕೈ ಬೀಸಿದವಳು ನಾನೇ, ಅಪ್ಪ.

ನಿನ್ನ
ಹೊಳೆಮ್ಮ