ಹತ್ತೊಂಬತ್ತನೆಯ ಪಾಯಿಂಟ್

ಫೆಬ್ರವರಿ 11, ಸಂಜೆ

ಖಾನಾಪುರದಲ್ಲಿ ಇವತ್ತೂ ಅಳತೆಯ ಮೂರು ಪಾಯಿಂಟ್. ಮಷೀನು ನೆಲಕ್ಕಿಟ್ಟು ಅರ್ಧ ತಾಸು ಕಾಯುವುದು. ನೆಲದ ಸಣ್ಣ ನಡುಕ ದಾಖಲಾಗುತ್ತದೆ. ಭೂಕಂಪ ಬಂದರೆ ಎಲ್ಲಿ ಎಷ್ಟು ಅಲುಗಬಹುದು ಅನ್ನುವ ಅಂದಾಜು ಅದರಿಂದಲೇ.

ಇವತ್ತಿನ ಕೊನೆಯದು 19. ಮಲಪ್ರಭಾ ದಂಡೆ, ಸಾವಂತ್ರವ್ವ ಅನ್ನುವ ಮುದುಕಿಯ ಅಂಗಳ. ಸದ್ದಾಗಬಾರದು ಅಂದೆ. ಎಮ್ಮೆಯನ್ನು ದೂರ ಕಟ್ಟಿಸಿದಳು, ಮಿಕ್ಸರ್ ನಿಲ್ಲಿಸಿದಳು, ಮಗ ಭರಮಪ್ಪನಿಗೆ ಕೆಮ್ಮಲೂ ಬಿಡಲಿಲ್ಲ.

ಐದನೇ ನಿಮಿಷಕ್ಕೆ ಬ್ಯಾಟರಿ ಸತ್ತಿತು. ಹೇಳಲಿಲ್ಲ. ಸುಮ್ಮನೆ ಕೂತೆ. ಅರ್ಧ ತಾಸು ಅವರೂ ಉಸಿರು ಬಿಗಿಹಿಡಿದು ಕೂತರು... ಆಮೇಲೆ ಚಹಾ ಕೊಟ್ಟರು. ಕುಡಿದೆ.

ಫೆಬ್ರವರಿ 12

ಹಿಂದವಾಡಿ, ನನ್ನ ರೂಮು. 19ರ ಜಾಗದಲ್ಲಿ 18ರ ಅಂಕಿ ಹಾಕಿದೆ. 18 ದಿಬ್ಬದ ಮೇಲಿನದು, ಕೆಳಗೆ ಗಟ್ಟಿ ಕೆಂಪು ಕಲ್ಲು. ದೂರವೇನಿಲ್ಲ, ಕೂಗಳತೆ. ನಡೆಯುತ್ತದೆ.

ಏಪ್ರಿಲ್ 3

ನಲವತ್ತು ಪಾಯಿಂಟಿನ ನಕ್ಷೆ ಮುಗಿಯಿತು. ದಂಡೆಯ ಆ ತುಂಡು ಹಸಿರು — ಕಡಿಮೆ ಅಲುಗುವ ಜಾಗ. ನನ್ನ ಸಂಶೋಧನೆಯ ಗೈಡ್ ಪ್ರಮಿಳಾ ಮೇಡಂ, "ಭಾಳ ನೀಟಾಗಿ ಮಾಡೀದಿ, ತಸ್ಲೀಮಾ" ಅಂದರು.

ಸಂಜೆ ಭರಮಪ್ಪನ ಫೋನ್. "ಮೇಡಂ, ನಮ್ಮ ಜಾಗಾ ಗಟ್ಟಿ ಐತೇನ್ರಿ? ಮ್ಯಾಲ ಒಂದು ಮಾಳಿಗಿ ಏರಸಬೇಕಂತ ಮಾಡೀವಿ."

ಐತಿ ಅಂದೆ. ಇಲ್ಲ ಅಂದಿದ್ದರೆ ಯಾಕೆ ಅಂತ ಕೇಳುತ್ತಿದ್ದ.

ಮೇ 20

ಖಾನಾಪುರ ಬಸ್‌ ಸ್ಟ್ಯಾಂಡಿನಲ್ಲಿ ಸಾವಂತ್ರವ್ವ ಸಿಕ್ಕಳು. ಕೈ ಹಿಡಿದುಕೊಂಡಳು.

"ನಾ ಸಣ್ಣಾಕಿದ್ದಾಗ ಕೊಯ್ನಾ ಕಡೆ ಭೂಕಂಪ ಆಗಿತ್ತು ನೋಡವ್ವಾ. ನಮ್ಮನ್ಯಾಗ ಗಡಿಗಿ ಎಲ್ಲಾ ಉಳ್ಳಿ ಒಡದ್ವು. ದಿಬ್ಬದ ಮಂದಿಗೆ ಎಚ್ಚರನೂ ಆಗಿರ್ಲಿಲ್ಲ. ಅದಕ್ಕ ಅಂಜಿಕಿ ಇತ್ತು. ನೀ ಗಟ್ಟಿ ಐತಿ ಅಂದಿ, ಜೀವ ತಣ್ಣಗಾತು."

ದಂಡೆಯದು ಮೆಕ್ಕಲು ಮಣ್ಣು, ಹೆಚ್ಚು ಅಲುಗುವಂಥದು. ಮೊದಲೇ ಗೊತ್ತಿತ್ತು ನನಗೆ. ಕೈ ಬಿಡಿಸಿಕೊಂಡು ಬಸ್ ಹತ್ತಿದೆ. ನನ್ನ ಬಸ್ಸೂ ಅಲ್ಲ ಅದು.

ಮೇ 22

ಸಾವಂತ್ರವ್ವನ ಅಂಗಳಕ್ಕೆ ಮಷೀನು ಒಯ್ದು ಮತ್ತೆ ಅಳೆದೆ. ಯಾಕೆ ಅಂತ ಅವರು ಕೇಳಲಿಲ್ಲ. ದಿಬ್ಬದ ಮೂರು ಪಟ್ಟು ಅಲುಗುವ ನೆಲ. ಮಾಳಿಗೆಯ ಸರಳುಗಳು ಆಗಲೇ ನಿಂತಿದ್ದವು.

ಹೇಳಿದೆ. ಬ್ಯಾಟರಿಯಿಂದ ಹಿಡಿದು ಎಲ್ಲ. ಭರಮಪ್ಪ ಗೌಂಡಿಯ ಕಡೆ ತಿರುಗಿ, "ಕೆಲಸಾ ಬಂದ್ ಮಾಡ್ರಿ" ಅಂದ.

ಸಾವಂತ್ರವ್ವ ಮೆಲ್ಲಗೆ, "ಅವತ್ತ ಹೇಳಿದ್ರ ಇನ್ನೊಂದು ಸಲ ಸುಮ್ಮ ಕುಂದರ್ತಿದ್ವಲ್ಲವ್ವಾ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇ 24

ಮೇಡಂಗೂ ಹೇಳಿದೆ. ನಕ್ಷೆ ಬಿಚ್ಚಿ 19ಕ್ಕೆ ಪೆನ್ನಿನಿಂದ ಸುತ್ತು ಹಾಕಿದರು. "ಉಳಿದ ಮೂವತ್ತೊಂಬತ್ತೂ ಖರೇ ಅದಾವಲ್ಲ?"

ಖರೇ ಅಂದೆ.

ಬಸ್ಸಿನಲ್ಲಿ ನೆನಪಾಯಿತು — ಅಲ್ಲ. ನೆನಪಿತ್ತು. ಮೇಡಂ ಕೇಳುವಾಗಲೇ ಇತ್ತು. ಹೋದ ಅಕ್ಟೋಬರ್, ಗುಂಜಿ ರೈಲ್ವೆ ಸ್ಟೇಷನ್ ಬಾಜಿನ ಪಾಯಿಂಟ್. ಮಳೆ ಹನಿಯಿತು, ಹತ್ತೇ ನಿಮಿಷಕ್ಕೆ ಮಷೀನು ಎತ್ತಿಬಿಟ್ಟೆ. ಹಾಳೆಯಲ್ಲಿ ಅರ್ಧ ತಾಸು ಅಂತ ಬರೆದು, ಕೆಳಗೆ ಸಹಿ ಹಾಕಿದ್ದೆ.